ಯಾರೂ ಅಳದ ಮಾತು

"ಗುರುಗಳೇ, ನಾನು ನನ್ನ ಎದೆಯೊಳಗಿಂದ ತೆಗೆದು ಬರೆದ ಕತೆ ಇನ್ನೊಬ್ಬರ ಪುಸ್ತಕದಲ್ಲಿ ಮೊದಲೇ ಇತ್ತು ಎಂದರೆ, ಆ ಕತೆ ಯಾರದು?"

ಶಿಷ್ಯೆ ಈ ಪ್ರಶ್ನೆಯನ್ನು ನಿಂತುಕೊಂಡೇ ಕೇಳಿದಳು. ಕೂರು ಎಂದರೂ ಕೂರಲಿಲ್ಲ.

ತಮ್ಮ ತೀರಿಕೊಂಡ ಮೇಲೆ ಅವಳು ಒಂದು ಕತೆ ಬರೆದಿದ್ದಳು. ಅದರಲ್ಲಿ ಒಬ್ಬ ತಾಯಿ, ಮಗ ನೀರುಪಾಲಾದ ಮೇಲೂ ಮನೆಯ ಕದಕ್ಕೆ ಅಗಣಿ ಹಾಕುವುದಿಲ್ಲ. ಅದನ್ನು ಓದಿದವರೊಬ್ಬರು, ಇದನ್ನು ಎಲ್ಲೋ ಓದಿದ ಹಾಗಿದೆಯಲ್ಲ ಎಂದು ಹಳೆಯ ಪುಸ್ತಕವೊಂದನ್ನು ಹುಡುಕಿ ತಂದುಕೊಟ್ಟರು. ಅದರಲ್ಲೂ ಒಬ್ಬ ತಾಯಿ ಇದ್ದಳು. ಅವಳ ಮಗನೂ ನೀರಿಗೆ ಹೋಗಿದ್ದ. ಅವಳ ಮನೆಯ ಕದವೂ ತೆರೆದೇ ಇತ್ತು. ಶಿಷ್ಯೆ ಆ ಪುಸ್ತಕವನ್ನು ಅದಕ್ಕೂ ಮೊದಲು ಕಣ್ಣಿನಿಂದ ಕಂಡವಳಲ್ಲ.

"ನಾನು ಕದ್ದಿಲ್ಲ," ಎಂದಳು. "ಆದರೆ ಕದ್ದಿಲ್ಲ ಕದ್ದಿಲ್ಲ ಎಂದು ಕಂಡವರಿಗೆಲ್ಲ ಹೇಳುತ್ತ ತಿರುಗುವುದೂ ನನ್ನಿಂದಾಗದು. ಬರೆದದ್ದನ್ನು ಹರಿದು ಹಾಕುತ್ತೇನೆ. ಯಾರೂ ಬರೆಯದ ಕತೆ ಸಿಕ್ಕಿದ ದಿನ ಬರೆಯುತ್ತೇನೆ."

"ಸಿಗದಿದ್ದರೆ?"

"ಬರೆಯುವುದಿಲ್ಲ."

ಗುರುಗಳು ಹರಿ ಎನ್ನಲಿಲ್ಲ. ಹರಿಯಬೇಡ ಎನ್ನಲೂ ಇಲ್ಲ. ಅವರು ಹೇಳಿದ್ದು ಈ ಕತೆ.

ಒಂದು ಹೊಳೆ. ಹೊಳೆಯ ಈಚೆ ಒಂದು ಊರು, ಆಚೆ ಒಂದು ಊರು. ಈಚೆಯ ಊರಿನಲ್ಲಿ ಚಾಪೆ ಹೆಣೆಯುವ ಹೆಂಗಸೊಬ್ಬಳಿದ್ದಳು. ಹೊಳೆಯಂಚಿನ ಜೊಂಡು ಕೊಯ್ದು, ಒಣಗಿಸಿ, ಸೀಳಿ ಚಾಪೆ ಮಾಡುವುದು ಅವಳ ಮನೆತನದ ಕಸುಬು.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಯಾರೇ ಸತ್ತರೂ ಅವರನ್ನು ಹೊಸ ಚಾಪೆಯ ಮೇಲೆ ಮಲಗಿಸಬೇಕು. ಬದುಕಿದವರ ಚಾಪೆಗೆ ಅಂಚು ಕಟ್ಟುತ್ತಾರೆ. ಸತ್ತವರ ಚಾಪೆಗೆ ಅಂಚು ಕಟ್ಟುವುದಿಲ್ಲ, ಎಳೆಗಳನ್ನು ಹಾಗೆಯೇ ಬಿಡುತ್ತಾರೆ. ಮಲಗಿಸಿದ ಮೇಲೆ ಹೆಂಗಸೊಬ್ಬಳು ತಲೆಯ ಬಳಿ ಕೂತು, ಸತ್ತವರ ಬದುಕನ್ನು ರಾಗ ತೆಗೆದು ಹೇಳಿಕೊಂಡು ಅಳಬೇಕು. ಇದಕ್ಕೆ ಅವರು ಆಡಿ ಅಳುವುದು ಎನ್ನುತ್ತಿದ್ದರು. ತಾಯಿಯೋ, ಹೆಂಡತಿಯೋ, ಅಕ್ಕನೋ, ಯಾರು ಹತ್ತಿರದವಳೋ ಅವಳು ಮೊದಲ ದನಿ ಎತ್ತಬೇಕು. ಉಳಿದವರು ಆಮೇಲೆ ಸೇರಿಕೊಳ್ಳುತ್ತಾರೆ. ಆಡಿ ಅಳದೆ ಹೆಣ ಎತ್ತುವಂತಿರಲಿಲ್ಲ. ತನ್ನವರ ಅಳು ಕೇಳದೆ ಹೋದವರು ದಾರಿಯುದ್ದಕ್ಕೂ ಹಿಂದಿರುಗಿ ನೋಡುತ್ತಾರೆ ಎಂಬುದು ಅವರ ನಂಬಿಕೆ.

ಈ ಹೆಂಗಸು ಇನ್ನೂ ಹುಡುಗಿಯಾಗಿದ್ದಾಗ ತಾಯಿ ಸತ್ತಳು. ತಂಗಿ ಅಂಬೆಗಾಲಿಡುವ ಕೂಸು. ಮನೆಯಲ್ಲಿ ಬೇರೆ ಹೆಣ್ಣುದಿಕ್ಕು ಇರಲಿಲ್ಲ. ಹುಡುಗಿಗೆ ಏನು ತಿಳಿದೀತು ಎಂದು ನೆರೆಯವರು ತಾವೇ ಅಳಲು ಕೂತರು. ಹುಡುಗಿ ಅವರನ್ನು ಸರಿಸಿ ತಲೆಯ ಬಳಿ ಹೋಗಿ ಕೂತಳು.

"ಕೂಸಿಗೆ ಹಸಿದರೆ ನನ್ನ ಕೇಳುತ್ತದೆ ಅವ್ವಾ, ನನಗೆ ಹಸಿದರೆ ನಾನು ಯಾರ ಕೇಳಲಿ" ಎಂದು ದನಿ ಎತ್ತಿದಳು.

ಅಂಗಳದಲ್ಲಿ ನಿಂತಿದ್ದ ಗಂಡಸರೂ ಮುಖ ಆಚೆ ತಿರುಗಿಸಿಕೊಂಡರು.

ಅಂದಿನಿಂದ ಊರಿನ ಯಾವ ಮನೆಯಲ್ಲಿ ಸಾವಾದರೂ ಅವಳಿಗೆ ಕರೆ ಬರುತ್ತಿತ್ತು. ಚಾಪೆ ಕೊಡಲು ಹೇಗೂ ಹೋಗಬೇಕು. ಮನೆಯವರು ಮೊದಲ ದನಿ ಎತ್ತಿದ ಮೇಲೆ ಇವಳು ಮಾತು ಹಿಡಿದುಕೊಳ್ಳುತ್ತಿದ್ದಳು. ಅಳುವ ಮೊದಲು ಒಂದು ಸಲ ಮನೆಯನ್ನೆಲ್ಲ ನೋಡುತ್ತಿದ್ದಳು. ಸತ್ತವನ ಚಪ್ಪಲಿ ಯಾವ ಕಡೆ ಸವೆದಿದೆ, ಅವನು ಕೂರುತ್ತಿದ್ದ ಜಾಗದ ಗೋಡೆ ಎಷ್ಟು ನುಣುಪಾಗಿದೆ, ಅವನ ಹಗ್ಗ ಹೊಸೆಯುವ ಕೆಲಸ ಎಲ್ಲಿಗೆ ನಿಂತಿದೆ, ಎಲ್ಲ ಅವಳ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಕೂತು ದನಿ ಎತ್ತಿದರೆ, ಸತ್ತವನು ಎದ್ದು ಒಮ್ಮೆ ಮನೆಯೊಳಗೆ ಓಡಾಡಿದ ಹಾಗಾಗುತ್ತಿತ್ತು.

ಒಮ್ಮೆ ಒಬ್ಬ ವ್ಯಾಪಾರಿ ಸತ್ತ. ತೂಕದಲ್ಲಿ ಅವನ ಕೈ ಒಳ್ಳೆಯದಲ್ಲ ಎಂದು ಊರಿಗೆಲ್ಲ ಗೊತ್ತು. ಅವನಿಗೆ ಏನೆಂದು ಅಳುತ್ತಾಳೋ ನೋಡೋಣ ಎಂದೇ ಕೆಲವರು ಬಂದಿದ್ದರು.

"ನಿನ್ನ ತಕ್ಕಡಿ ಇವತ್ತು ನೆಟ್ಟಗೆ ನಿಂತಿದೆ ಅಣ್ಣಾ, ಬೆರಳು ತಾಗಿಸಲು ನೀನಿಲ್ಲ" ಎಂದು ಅತ್ತಳು.

ಮೊದಲು ನಕ್ಕವಳು ವ್ಯಾಪಾರಿಯ ಹೆಂಡತಿ. ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ.

ಒಬ್ಬರಿಗೆ ಅತ್ತ ಮಾತನ್ನು ಚಾಪೆಯವಳು ಇನ್ನೊಬ್ಬರಿಗೆ ಅಳುತ್ತಿರಲಿಲ್ಲ. ಅದು ಅವಳ ಹಟ, ಅವಳ ಹೆಮ್ಮೆ. ಬೇರೆ ಹೆಂಗಸರು ತಾಯಂದಿರಿಂದ ಕಲಿತ ಮಾತನ್ನೇ ಎಲ್ಲ ಸಾವಿಗೂ ಅಳುವುದನ್ನು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. "ಎಲ್ಲರಿಗೂ ಒಂದೇ ಮಾತಾದರೆ ಯಾರಿಗೆ ಅತ್ತ ಹಾಗಾಯಿತು?" ಎನ್ನುತ್ತಿದ್ದಳು.

ಅವಳಿಗೆ ಒಬ್ಬ ಮಗನಿದ್ದ. ಗಂಡ ಬೇಗ ತೀರಿಕೊಂಡಿದ್ದ. ಮಗನಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಹಣೆ ತಣ್ಣಗಿತ್ತು. ಮಗ ಗಂಜಿ ಕೇಳಿ ಕುಡಿದ. ಜ್ವರ ಬಿಟ್ಟಿತು ಎಂದು ತಾಯಿ ಅವನ ಅಂಗಿಯನ್ನು ಒಗೆದು ಬೇಲಿಯ ಮೇಲೆ ಹರವಿದಳು. ಬಿಸಿಲು ಚೆನ್ನಾಗಿತ್ತು. ಅಂಗಿ ಒಣಗುವ ಹೊತ್ತಿಗೆ ಮಗ ಇರಲಿಲ್ಲ.

"ಒಗೆದು ಹಾಕಿದ ಅಂಗಿ ಒಣಗಿತಲ್ಲೋ ಮಗನೇ, ತೊಡುವವನು ಏಳಲಿಲ್ಲ" ಎಂದು ಅತ್ತಳು.

ಅದನ್ನು ಕೇಳಿದ ಊರು ಬಹಳ ಕಾಲ ಮರೆಯಲಿಲ್ಲ. ಮಗನದೆಂದು ಅವಳ ಹತ್ತಿರ ಉಳಿದದ್ದು ಆ ಮಾತೊಂದೇ. ಅಂಗಿಯನ್ನು ಅವನ ಜೊತೆಗೇ ಕಳಿಸಿದ್ದಳು. ಕೆಲಸ ಮಾಡುವಾಗ ಒಮ್ಮೊಮ್ಮೆ ತುಟಿ ಅಲುಗದ ಹಾಗೆ ಆ ಮಾತನ್ನು ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಾಗ ಮಗನ ಮುಖ ಕಾಣುತ್ತಿತ್ತು.

ಕೂಸಾಗಿದ್ದ ತಂಗಿ ಬೆಳೆದು, ಮದುವೆಯಾಗಿ ಹೋಗಿ, ಗಂಡ ಸತ್ತ ಮೇಲೆ ಅಕ್ಕನ ಮನೆಗೇ ಬಂದಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಚಾಪೆ ಹೆಣೆಯುತ್ತಿದ್ದರು. ತಂಗಿಗೆ ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಕೈ ಮಾತ್ರ ನೆಟ್ಟಗಿರಲಿಲ್ಲ. ಅವಳು ಹೆಣೆದ ಚಾಪೆಯ ಒಂದು ಬದಿ ಯಾವಾಗಲೂ ಓರೆ.

"ಇದನ್ನು ಯಾರು ಕೊಳ್ಳಬೇಕೇ?" ಎಂದು ಅಕ್ಕ ಗದರುತ್ತಿದ್ದಳು.

"ಓರೆಯಾಗಿ ಮಲಗುವವರು ಊರಲ್ಲಿ ಇಲ್ಲವೇನಕ್ಕಾ? ಅವರಿಗೆ ಕೊಡು" ಎನ್ನುತ್ತಿದ್ದಳು ತಂಗಿ.

ಹೀಗಿರುವಾಗ ಆಚೆಯ ಊರಿನಲ್ಲಿ ಒಂದು ಸಾವಾಯಿತು. ಅಲ್ಲಿಯ ಚಾಪೆಯವನು ಹಾಸಿಗೆ ಹಿಡಿದಿದ್ದ. ಆದ್ದರಿಂದ ಈಚೆಗೆ ಹೇಳಿಕಳಿಸಿದರು. ಹೆಂಗಸು ಅಂಚಿಲ್ಲದ ಚಾಪೆ ಹೆಣೆದು, ಸುತ್ತಿಕೊಂಡು ಹರಿಗೋಲು ಹತ್ತಿದಳು.

ಸತ್ತವನು ಸಣ್ಣ ಹುಡುಗ. ತಾಯಿಗೆ ಪ್ರಜ್ಞೆ ಇರಲಿಲ್ಲ. ಅಜ್ಜಿ ತಲೆಯ ಬಳಿ ಕೂತಿದ್ದಳು. ಚಾಪೆಯವಳು ಹುಡುಗನನ್ನು ಮಲಗಿಸಲು ನೆರವಾಗಿ ಹಿಂದೆ ಸರಿದು ನಿಂತಳು. ಮುದುಕಿ ದನಿ ಎತ್ತಿದಳು.

"ಒಗೆದು ಹಾಕಿದ ಅಂಗಿ ಒಣಗಿತಲ್ಲೋ ಕಂದಾ, ತೊಡುವವನು ಏಳಲಿಲ್ಲ."

ಚಾಪೆಯವಳಿಗೆ ಮೊದಲು ತನ್ನ ಮಗನೇ ಅಲ್ಲಿ ಮಲಗಿದ ಹಾಗೆ ಕಂಡಿತು. ಆಮೇಲೆ ಸಿಟ್ಟು ಬಂತು. ಆಡಿ ಅಳುವವಳನ್ನು ನಡುವೆ ತಡೆಯುವುದು ಆ ಸೀಮೆಯಲ್ಲಿ ಯಾರೂ ಮಾಡದ ಕೆಲಸ. ಅವಳು ಜನರನ್ನು ತಳ್ಳಿಕೊಂಡು ಹೋಗಿ ಮುದುಕಿಯ ತೋಳು ಹಿಡಿದಳು.

"ಈ ಮಾತು ನಿನಗೆ ಯಾರು ಕೊಟ್ಟರು?"

ಜನ ಹೌಹಾರಿದರು. ಮುದುಕಿ ತೋಳು ಬಿಡಿಸಿಕೊಳ್ಳಲಿಲ್ಲ. "ನನ್ನ ಕೂಸು ಹೋಗಲಿ ತಾಯೀ, ಆಮೇಲೆ ಕೇಳುವೆಯಂತೆ" ಎಂದಳು. ಮತ್ತೆ ಅಳಲು ತೊಡಗಿದಳು.

ಹೆಣ ಹೋದ ಮೇಲೆ ಹೆಂಗಸರು ಹೊಳೆಯಲ್ಲಿ ಮಿಂದು ಬಂದರು. ಮುದುಕಿ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತು ಚಾಪೆಯವಳನ್ನು ಹತ್ತಿರ ಕರೆದಳು.

"ಆ ಮಾತು ನನ್ನ ಅತ್ತೆಯದು. ತನ್ನ ಮಗನಿಗೆ ಅತ್ತಿದ್ದಳು. ನಾನು ಆಗ ಹೊಸ ಸೊಸೆ. ನೀನು ಹುಟ್ಟಿರಲಿಲ್ಲವೋ ಏನೋ. ಅತ್ತೆಗೆ ಯಾರು ಕೊಟ್ಟರೋ ನಾನು ಕೇಳಲಿಲ್ಲ."

"ಅದು ನನ್ನ ಮಗನ ಮಾತು. ನಾನು ಅವನ ಅಂಗಿ ಒಗೆದು ಹಾಕಿದ್ದೆ."

"ಅವಳೂ ಒಗೆದಿದ್ದಳು ಕಣವ್ವ. ಇವತ್ತು ನಾನೂ ಒಗೆದೆ. ಜ್ವರ ಇಳಿಯಿತು ಅಂದರೆ ಯಾವ ತಾಯಿ ಅಂಗಿ ಒಗೆಯದೆ ಇರ್ತಾಳೆ?"

ಮುದುಕಿಯ ಕಣ್ಣು ಬೇಲಿಯ ಕಡೆ ಹೋಯಿತು. ಚಾಪೆಯವಳು ಅದನ್ನು ನೋಡಲಿಲ್ಲ. ಅವಳ ಕಿವಿಯಲ್ಲಿ ಉಳಿದದ್ದು ಒಂದೇ: ಆ ಮಾತು ತನಗಿಂತ ಮೊದಲೇ ಇತ್ತು.

ಸುದ್ದಿಗೆ ಹರಿಗೋಲು ಬೇಕಾಗಲಿಲ್ಲ. ಮಾರನೆಯ ದಿನ ಬಾವಿಯ ಹತ್ತಿರ ಗಾಣಿಗರ ಹೆಂಗಸು ಬಿಂದಿಗೆ ಇಳಿಬಿಡುತ್ತ ಕೇಳಿದಳು: "ಏನವ್ವ, ಹೊಳೆಯಾಚೆಯವರೂ ನಿನ್ನ ಮಗನಿಗೇ ಅಳ್ತಾರಂತೆ?" ಉಳಿದವರು ನಕ್ಕರು. ಇನ್ನೊಬ್ಬಳು, "ಅವರಿಂದ ತಂದಿದ್ದನ್ನು ಇವಳು ಹೊಸದು ಹೊಸದು ಅಂತ ನಮಗೆ ಉಣಬಡಿಸಿದಳು ಕಣ್ರೇ" ಎಂದಳು. ಚಾಪೆಯವಳು ಅರ್ಧ ಬಿಂದಿಗೆ ನೀರು ಹೊತ್ತುಕೊಂಡು ಮನೆಗೆ ಬಂದಳು.

ತಂಗಿ ಅವಳನ್ನು ಸಮಾಧಾನ ಮಾಡಲು ನೋಡಿದಳು.

"ಅವ್ವ ಹೊಳೆಯಾಚೆಯವಳೇ ಅಲ್ಲವೇನಕ್ಕಾ? ನೀನು ಚಿಕ್ಕವಳಿದ್ದಾಗ ಅವಳ ಬಾಯಿಂದ ಕೇಳಿದ್ದಿರಬಹುದು. ಕೇಳಿದ್ದು ಒಳಗೆ ಉಳಿದಿರಬಹುದು. ಅದರಲ್ಲಿ ಏನು ತಪ್ಪು?"

ತಂಗಿ ಒಳ್ಳೆಯದಕ್ಕೇ ಹೇಳಿದಳು. ಅಕ್ಕನಿಗೆ ಅದೇ ಮುಳ್ಳಾಯಿತು. ಕೇಳಿದ್ದೆನೇ? ನೆನಪಿಗೆ ಬರಲಿಲ್ಲ. ಕೇಳಿರಲಿಲ್ಲವೇ? ಅದನ್ನೂ ಹೇಳುವ ಹಾಗಿರಲಿಲ್ಲ. ಮಗನ ತಲೆಯ ಬಳಿ ಕೂತು ಅತ್ತವಳು ತಾನೋ, ಬೇರೆ ಯಾವಳೋ ತನ್ನ ಬಾಯಿಯಿಂದ ಅತ್ತು ಹೋದಳೋ ಅವಳಿಗೆ ತಿಳಿಯದಾಯಿತು. ಮುಂದೆ ಜೊಂಡು ಸೀಳುವಾಗ ಆ ಮಾತನ್ನು ಹೇಳಿಕೊಂಡರೆ ಮಗನ ಮುಖ ಬರಲಿಲ್ಲ. ಮುದುಕಿಯ ಮುಖ ಬಂತು. ಹೇಳಿಕೊಳ್ಳುವುದನ್ನು ಬಿಟ್ಟಳು.

ಆಮೇಲೆ ಅವಳಿಗೊಂದು ಚಟ ಹತ್ತಿತು. ಯಾರಿಗಾದರೂ ಅಳಬೇಕಾದರೆ, ಮನಸ್ಸಿಗೆ ಬಂದ ಮಾತನ್ನು ಮೊದಲು ಹಳೆಯ ಹೆಂಗಸರ ಹತ್ತಿರ ಹೋಗಿ ಹೇಳುತ್ತಿದ್ದಳು. "ಇದನ್ನು ಯಾರಾದರೂ ಅತ್ತಿದ್ದಾರಾ?" ಎಂದು ಕೇಳುತ್ತಿದ್ದಳು. ಹಳೆಯ ಹೆಂಗಸರು ಬಹಳ ಸಾವು ಕಂಡವರು. ಕುಂಬಾರನ ತಿಗರಿಯ ಚಕ್ರ ನಿಂತ ಮಾತು ಹೇಳಿದರೆ, ಗಾಡಿಯವನಿಗೆ ಗಾಲಿ ನಿಂತಿತೆಂದು ಇಂಥದೇ ಮಾತು ಅತ್ತದ್ದು ಕೇಳಿದ್ದೇನೆ ಎನ್ನುವರು. ಒಲೆಯ ಮಾತು ಹೇಳಿದರೆ, ನಮ್ಮ ಅಜ್ಜಿಗೂ ಒಲೆಯ ಮಾತನ್ನೇ ಅತ್ತಿದ್ದರು ಎನ್ನುವರು. ಅವಳು ಆ ಮಾತನ್ನು ಅಲ್ಲೇ ಬಿಟ್ಟು ಬರುತ್ತಿದ್ದಳು. ಹೀಗೆ ಬಿಡುತ್ತ ಬಿಡುತ್ತ ಸಾವಿನ ಮನೆಗೆ ಹೋದರೆ ಚಾಪೆ ಹಾಸಿ ಹಾಗೇ ಹಿಂದಿರುಗುವಂತಾದಳು. ಊರಿನವರು ಮೊದಲು ನೊಂದುಕೊಂಡರು. ಆಮೇಲೆ ಕರೆಯುವುದನ್ನು ಬಿಟ್ಟರು. ಸಾವು ನಿಲ್ಲಲಿಲ್ಲ. ಹಳೆಯ ಮಾತುಗಳಲ್ಲೇ ಹೆಣ ಎದ್ದವು.

"ನೀನು ಹೆಣೆಯೋ ಚಾಪೆಯೂ ಎಲ್ಲರ ಚಾಪೆಯ ಹಾಗೇ ಇದೆ," ಎಂದಳು ತಂಗಿ ಒಂದು ದಿನ. "ಅದನ್ನು ಯಾಕೆ ಹೊಳೆಗೆ ಎಸೆಯಲ್ಲ?"

"ಚಾಪೆಯೊಳಗೆ ನನ್ನ ಮಗನಿರಲಿಲ್ಲ," ಎಂದಳು ಅಕ್ಕ.



ಕೆಲವು ವರ್ಷ ಕಳೆಯಿತು. ತಂಗಿಗೆ ಉಬ್ಬಸ ಹಿಡಿಯಿತು. ಮೊದಲು ಜೊಂಡಿನ ಧೂಳು ಎಂದರು. ಆಮೇಲೆ ಮಲಗಿದವಳು ಏಳಲಿಲ್ಲ. ಔಷಧಿ ಕೊಡುತ್ತಿದ್ದವನು ಬರುವುದನ್ನು ನಿಲ್ಲಿಸಿದ. ತಂಗಿಗೆ ಅರ್ಥವಾಯಿತು. ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕಾ, ನನಗೆ ನೀನೇ ಅಳಬೇಕು. ಆ ಗಾಣಿಗರವಳನ್ನು ಮಾತ್ರ ಕೂರಿಸಬೇಡ ಮಾರಾಯ್ತಿ, ಅವಳ ದನಿ ಕೇಳಿದರೆ ನಾನು ಎದ್ದು ಕೂತುಬಿಡ್ತೀನಿ."

"ಬಿಡ್ತು ಅನ್ನು."

"ಬಿಡ್ತು. ಆದರೂ ನೀನೇ ಅಳಬೇಕು. ಯಾವ ಮಾತಾದರೂ ಆದೀತು. ನಿನ್ನ ದನಿ ಕೇಳಿಕೊಂಡು ಹೋಗ್ತೀನಿ. ನನ್ನನ್ನು ಹಿಂದಿರುಗಿ ನೋಡುವ ಹಾಗೆ ಮಾಡಬೇಡ."

ಅಕ್ಕ ಅವಳ ತಲೆ ಸವರಿದಳು. "ಯಾವ ಮಾತೋ ಯಾಕೆ? ಯಾರೂ ಯಾರಿಗೂ ಅಳದ ಮಾತನ್ನು ನಿನಗೆ ಅಳ್ತೀನಿ," ಎಂದಳು.

ತಂಗಿಗೆ ಇಷ್ಟು ಸಾಕಾಗಿತ್ತು. ಅಕ್ಕನಿಗೆ ಅಲ್ಲಿಂದ ಶುರುವಾಯಿತು.

ತಂಗಿಯ ಪಕ್ಕದಲ್ಲೇ ಕೂತಿರುತ್ತಿದ್ದಳು. ಕಣ್ಣು ಎಲ್ಲೋ ಇರುತ್ತಿತ್ತು. ತಂಗಿ ಅವ್ವನ ಮಾತು ತೆಗೆಯುತ್ತಿದ್ದಳು. ಅವ್ವನ ಮುಖ ತನಗೆ ನೆನಪಿಲ್ಲ, ಹೇಗಿದ್ದಳು ಹೇಳು ಎನ್ನುತ್ತಿದ್ದಳು. "ಸ್ವಲ್ಪ ಸುಮ್ಮನಿರೇ, ಹುಡುಕ್ತಿದ್ದೀನಿ" ಎನ್ನುತ್ತಿದ್ದಳು ಅಕ್ಕ.

"ಏನು ಹುಡುಕ್ತೀಯಕ್ಕಾ? ನಾನು ಇಲ್ಲೇ ಇದ್ದೀನಲ್ಲ."

ಅಕ್ಕನಿಗೆ ಅದು ಕೇಳಿಸಲಿಲ್ಲ. ತಂಗಿಯ ನಗುವಿನ ಮಾತು ಮನಸ್ಸಿಗೆ ಬಂತು. ಆದರೆ ನಗುವವರು ಸತ್ತಾಗಲೆಲ್ಲ ಜನ ನಗುವನ್ನೇ ನೆನೆಯುತ್ತಾರೆ. ಬಿಟ್ಟಳು. ಕೂಸಾಗಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದ್ದು ನೆನಪಾಯಿತು. ಹೊರದ ಅಕ್ಕ ಯಾರಿದ್ದಾಳೆ? ಬಿಟ್ಟಳು.

ಒಂದು ಬೆಳಿಗ್ಗೆ ಮೂಲೆಯಲ್ಲಿ ಒರಗಿಸಿಟ್ಟಿದ್ದ ತಂಗಿಯ ಚಾಪೆ ಕಣ್ಣಿಗೆ ಬಿತ್ತು. ಒಂದು ಬದಿ ಓರೆ. ಮಾತು ತಾನಾಗಿ ಬಂತು.

ಓರೆ ಚಾಪೆ ಹೆಣೆದವಳೇ, ನೆಟ್ಟಗೆ ಮಲಗಿದೆಯಲ್ಲೇ ತಂಗೀ.

ಇದನ್ನು ಯಾರೂ ಅತ್ತಿರಲಾರರು. ಇದು ತಂಗಿಯೊಬ್ಬಳದೇ. ಆದರೆ ಮನಸ್ಸು ತಡೆಯಲಿಲ್ಲ. ಎಲ್ಲರಿಗಿಂತ ಹೆಚ್ಚು ಮಾತು ಬಲ್ಲವಳು ಹೊಳೆಯಾಚೆಯ ಮುದುಕಿ. ಅವಳು ಇಲ್ಲ ಎಂದರೆ ಇಲ್ಲ. ತಂಗಿ ಮಗ್ಗುಲಾಗಿ ಉಸಿರೆಳೆಯುತ್ತಿದ್ದಳು. "ಈಗ ಬಂದೆ" ಎಂದು ಹೇಳಿ ಅಕ್ಕ ಹೊಳೆಯ ಕಡೆ ಓಡಿದಳು.

ಮುದುಕಿ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚಾಪೆಯವಳು ನಿಂತೇ ಮಾತನ್ನು ಹೇಳಿದಳು. "ಇದನ್ನು ಯಾರಾದರೂ ಅತ್ತಿದ್ದಾರಾ?"

ಮುದುಕಿಯ ಮುಖ ಅರಳಿತು. "ಚೆನ್ನಾಗಿದೆ ಕಣೇ! ನಮ್ಮ ಕಡೆ ಒಬ್ಬ ರೈತನಿದ್ದ. ಅವನು ಉತ್ತ ಸಾಲೆಲ್ಲ ಸೊಟ್ಟ. ಅವನ ಹೆಂಡತಿ ಹೀಗೇ ಅತ್ತಿದ್ದಳು, ಓರೆ ಸಾಲು ಉತ್ತವನೇ, ನೆಟ್ಟಗೆ ಮಲಗಿದೆಯಲ್ಲೋ ಅಂತ. ಈಗಲೂ ನೆನೆಸಿಕೊಂಡರೆ ನನಗೆ ಅಳು ಬರುತ್ತೆ."

ಚಾಪೆಯವಳು ಕಂಬ ಹಿಡಿದುಕೊಂಡು ಕೂತಳು.

"ಯಾರು ಹೋದರವ್ವ?" ಎಂದಳು ಮುದುಕಿ.

"ನನ್ನ ತಂಗಿ. ಇನ್ನೂ ಇದ್ದಾಳೆ."

ಮುದುಕಿಯ ಕೈ ನಿಂತಿತು. "ಇದ್ದಾಳಾ? ಇರುವಾಗ ನೀನು ಇಲ್ಲಿ ಏನು ಮಾಡ್ತಿದ್ದೀಯೇ?"

ಮುದುಕಿ ಮೊರ ಪಕ್ಕಕ್ಕೆ ಸರಿಸಿ ಎದ್ದಳು. ಚಾಪೆಯವಳ ರಟ್ಟೆ ಹಿಡಿದು ಹೊಳೆಯ ಕಡೆ ಎಳೆದುಕೊಂಡು ನಡೆದಳು. ಇಬ್ಬರೂ ಹರಿಗೋಲು ಹತ್ತಿದರು.

ಮನೆಯ ಮುಂದೆ ಜನ ನಿಂತಿದ್ದರು. ಕೊನೆಯ ನೀರು ಬಿಟ್ಟವಳು ಗಾಣಿಗರ ಹೆಂಗಸು. ಅವಳು ಈಗ ನಗಲಿಲ್ಲ. "ಬಾಗಿಲ ಕಡೆಯೇ ನೋಡ್ತಿದ್ದಳು ಕಣವ್ವ" ಎಂದಷ್ಟೇ ಹೇಳಿದಳು.

ಅಕ್ಕ ಒಳಗೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಜೊಂಡು ತೆಗೆದುಕೊಂಡಳು. ಸತ್ತವರ ಚಾಪೆಯನ್ನು ಸತ್ತ ಮೇಲೆಯೇ ಹೆಣೆಯಬೇಕು, ಮೊದಲೇ ಹೆಣೆದು ಇಡುವಂತಿಲ್ಲ. ಅವಳ ಕೈ ತಡವರಿಸಲಿಲ್ಲ. ಚಾಪೆ ನೆಟ್ಟಗೆ ಬಂತು. ಅಂಚು ಕಟ್ಟದೆ ಬಿಟ್ಟಳು. ತಂಗಿಯನ್ನು ಅದರ ಮೇಲೆ ಮಲಗಿಸಿದರು. ಎಲ್ಲರೂ ಹಿಂದೆ ಸರಿದು ಜಾಗ ಬಿಟ್ಟರು. ಅಕ್ಕ ತಲೆಯ ಬಳಿ ಕೂತಳು.

ಊರು ಕಾಯಿತು. ಬಹಳ ವರ್ಷದಿಂದ ಅಳದವಳು ಇವತ್ತು ಅಳುತ್ತಾಳೆ ಎಂದು ಮಕ್ಕಳನ್ನು ಸುಮ್ಮನಿರಿಸಿದರು.

ಅವಳು ಬಾಯಿ ತೆರೆದಳು. ಅಂಗಿಯ ಮಾತು ಬಂತು. ಅದು ಮುದುಕಿಯ ಅತ್ತೆಯದು. ನಗುವಿನ ಮಾತು ಬಂತು, ಅದು ಎಲ್ಲರದು. ಬಾಯಿ ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಮುಚ್ಚಿದಳು.

ಮುದುಕಿ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು: "ಆ ಓರೆ ಚಾಪೆಯದನ್ನು ಹೇಳೇ, ನನ್ನವ್ವ."

"ಅದು ಉಳುವವನದು."

"ಉಳುವವನು ಸತ್ತು ಮಣ್ಣಾದ. ಇವಳು ಇಲ್ಲಿ ಮಲಗಿದ್ದಾಳೆ. ಹೇಳು."

ಅವಳು ತಲೆ ಅಲ್ಲಾಡಿಸಿದಳು.

ಬಿಸಿಲು ಜಗಲಿ ಇಳಿಯಿತು. ಊರ ಗೌಡ ಹೊರಗಿನಿಂದ ಕೆಮ್ಮಿದ. "ಏನಾದರೂ ಒಂದು ಹೇಳವ್ವ. ಹೊತ್ತು ಮುಳುಗಿದರೆ ಎತ್ತುವ ಹಾಗಿಲ್ಲ. ಹೆಣ ಕಾಯಿಸಬಾರದು."

ಅವಳು ಹೇಳಲಿಲ್ಲ. ತಂಗಿಗೆ ಮಾತು ಕೊಟ್ಟಿದ್ದಳು. ಯಾರೂ ಯಾರಿಗೂ ಅಳದ ಮಾತು ಎಂದಿದ್ದಳು. ಎಂಜಲು ಮಾತನ್ನು ತಂಗಿಗೆ ಹೇಗೆ ಕೊಡುವುದು? ಹುಡುಕುತ್ತಲೇ ಇದ್ದಳು. ಹುಡುಕುತ್ತಿದ್ದವಳು ತಂಗಿಯ ಮುಖ ನೋಡಲಿಲ್ಲ.

ಕೊನೆಗೆ ಮುದುಕಿ ಸೆರಗು ಸರಿಮಾಡಿಕೊಂಡು ಅವಳ ಪಕ್ಕದಲ್ಲಿ ಕೂತಳು. ಆ ಮುದುಕಿ ತಂಗಿಯನ್ನು ಬದುಕಿದ್ದಾಗ ಕಂಡವಳಲ್ಲ. ಮನೆಯ ದೀಪ ಹೋಯಿತು ಎಂದಳು, ಜಗಲಿ ಬರಿದಾಯಿತು ಎಂದಳು, ತಾಯಿಯ ಹತ್ತಿರ ಹೋದೆಯಾ ಎಂದಳು. ಎಲ್ಲ ಸಾವಿಗೂ ಎಲ್ಲರೂ ಅಳುವ ಮಾತು. ಊರು ದನಿಗೂಡಿಸಿತು. ಗಾಣಿಗರವಳು ಎದೆ ಬಡಿದುಕೊಂಡು ಅತ್ತಳು. ಓರೆ ಚಾಪೆಯ ಮಾತನ್ನು ಮಾತ್ರ ಮುದುಕಿ ಮುಟ್ಟಲಿಲ್ಲ. ಅದು ಅಕ್ಕನದು, ಅಕ್ಕನೇ ಅಳಲಿ ಎಂದು ಬಿಟ್ಟಳು.

ಹೆಣ ಎತ್ತಿದರು.

ಹೆಂಗಸರು ಊರ ಗಡಿಯವರೆಗೆ ಹೋಗಬಹುದು. ಅಲ್ಲಿಂದ ಮುಂದೆ ಗಂಡಸರು. ಅಕ್ಕ ಗಡಿಯಲ್ಲಿ ನಿಂತಳು. ಚಾಪೆಯ ಬಿಟ್ಟ ಎಳೆಗಳು ಗಾಳಿಗೆ ಅಲುಗುತ್ತ ದೂರವಾದವು. ಆಗ ಅವಳ ಹೊಟ್ಟೆಯೊಳಗಿಂದ ಕೂಗೊಂದು ಗಂಟಲಿಗೆ ಬಂತು. ತಂಗೀ ಎಂಬ ಕೂಗು. ಎಷ್ಟು ಅಕ್ಕಂದಿರು ಎಷ್ಟು ತಂಗಿಯರನ್ನು ಹಾಗೆ ಕೂಗಿಲ್ಲ! ಹೆಸರು ಹಿಡಿದು ಕೂಗೋಣ ಎಂದರೆ ಆ ಹೆಸರಿನವರು ಊರಲ್ಲಿ ಬೇರೆಯವರೂ ಇದ್ದರು. ಅವಳು ಕೂಗನ್ನು ನುಂಗಿಕೊಂಡಳು. ಹೆಣ ತಿರುವಿನಲ್ಲಿ ಮರೆಯಾಯಿತು.

ಆಮೇಲೆ ಅವಳು ಬಹಳ ಕಾಲ ಬದುಕಿದಳು. ಚಾಪೆ ಹೆಣೆದಳು. ಅವಳು ಅತ್ತದ್ದನ್ನು ಯಾರೂ ಕಾಣಲಿಲ್ಲ.

ಗುರುಗಳು ನಿಲ್ಲಿಸಿದರು.

ಶಿಷ್ಯೆ ಈಗ ಕೂತಿದ್ದಳು. ಯಾವಾಗ ಕೂತಳೋ ಅವಳ ಗಮನಕ್ಕೆ ಬಂದಿರಲಿಲ್ಲ. ಕೂತಲ್ಲಿಂದಲೇ ಕೇಳಿದಳು.

"ಹಾಗಾದರೆ ಗುರುಗಳೇ, ಅಂಗಿಯ ಮಾತು ಕೊನೆಗೂ ಯಾರದು? ಮುದುಕಿಯ ಅತ್ತೆಯದೋ, ಆ ಹೆಂಗಸಿನದೋ? ಓರೆ ಚಾಪೆಯ ಮಾತು ಉಳುವವನ ಹೆಂಡತಿಯದೋ, ಇವಳದೋ?"

ಗುರುಗಳು ಅವಳ ಮುಖವನ್ನೇ ನೋಡಿದರು.

"ಮಾತು ಯಾರದೆಂದು ಬಂದಾಗಲೂ ಕೇಳಿದೆ, ಈಗಲೂ ಕೇಳಿದೆ ಮಗಳೇ, ಅಳು ಕೇಳದೆ ಹೋದವಳು ಯಾರವಳೆಂದು ಕೇಳಲಿಲ್ಲ."